ಸತ್ತ ದ್ಯಾಮಣ್ಣನ ಬಣ್ಣ

ಯಾವ ದೊರೆಯ ಕಾಲವೋ ಕೇಳಬೇಡಿ, ನನ್ನಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ನಮ್ಮೂರಲ್ಲಿ, ಇದೇ ಸಿಂಪಿಗರ ಓಣಿಯಲ್ಲಿ ದ್ಯಾಮಣ್ಣನೆಂಬ ದರ್ಜಿಯಿದ್ದನಂತೆ. ಹೋಳಿ ಹುಣ್ಣಿಮೆಗೆ ಸೋಗು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ. ಹಳೇ ಕೌದಿ ಕೊಟ್ಟರೆ ಕರಡಿ ಮಾಡುತ್ತಿದ್ದ, ಹರಿದ ಧೋತರ ಕೊಟ್ಟರೆ ಮದುಮಗಳನ್ನು ಮಾಡುತ್ತಿದ್ದ. ತಮಟೆಯಂಥ ಹಲಗೆ ಬಡಿಯುತ್ತ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತ ಓಣಿ ಮಂದಿ ಆ ಸೋಗುಗಳ ಹಿಂದೆ ಊರೆಲ್ಲ ತಿರುಗುತ್ತಿದ್ದರಂತೆ.

ಒಂದು ವರ್ಷ ಅವನು ಕೋಣಕ್ಕೆ ರುಮಾಲು ಸುತ್ತಿ, ಜರಿ ಶಲ್ಯ ಹೊದಿಸಿ ಊರ ದೇಸಾಯಿಯ ಸೋಗು ಮಾಡಿದ. ಊರು ಬಿದ್ದು ಬಿದ್ದು ನಕ್ಕಿತು. ದೇಸಾಯಿ ನಗಲಿಲ್ಲ. ಮರುವರ್ಷ ಡಂಗುರ ಹೊಡೆಸಿದ: ಸೋಗಿಲ್ಲ, ಹಲಗೆಯಿಲ್ಲ, ಬಾಯಿ ಬಡಿದುಕೊಳ್ಳುವಂತಿಲ್ಲ, ಮೀರಿದವನು ಹೆಂಡತಿ ಸಮೇತ ಊರು ಬಿಡಬೇಕು. ಜನ ನಗುವುದಕ್ಕೂ ಇವನ ಅಪ್ಪಣೆ ಬೇಕಂತೆ, ನೋಡಿ ಸೊಕ್ಕು!

ಬಣ್ಣದ ದಿನ ಓಣಿ ಬಿಕೋ ಎನ್ನುತ್ತಿತ್ತು. ಆಗ ದ್ಯಾಮಣ್ಣನಿಗೆ ಹೊಳೆಯಿತಂತೆ: ಹಲಗೆ ಬಡಿಯಲು, ಬಾಯಿ ಬಡಿದುಕೊಳ್ಳಲು ಯಾರಪ್ಪಣೆಯೂ ಬೇಡದ ಮೆರವಣಿಗೆ ಇನ್ನೊಂದಿದೆ. ನಮ್ಮಲ್ಲಿ ಹೆಣವನ್ನು ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಹೂಳುವುದು. ದ್ಯಾಮಣ್ಣ ಮೈತುಂಬ ವಿಭೂತಿ ಬಳಿದುಕೊಂಡು, ಕೈ ಶಾಲಿನೊಳಗೆ ಮುಚ್ಚಿಕೊಂಡು ಹೆಣವಾಗಿ ಕೂತ. ಓಣಿ ಹೊತ್ತುಕೊಂಡು ಹೊರಟಿತು. ಹೆಂಡತಿ ಶಂಕ್ರವ್ವ, "ನನ್ನ ಕುಬಸಾ ಅರ್ಧಾ ಹೊಲದ ಬಿಟ್ಟ ಹೋದ್ಯಲ್ಲೋ!" ಅಂತ ಅತ್ತಳು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರಂತೆ.

ದೇಸಾಯಿಗೆ ಗುಮಾನಿ. ಸ್ಮಶಾನದವರೆಗೂ ಹಿಂದೆಯೇ ಬಂದು ಗುಂಡಿ ತೋಡಿಸಿದ. ಹೆಣ ಇಳಿಸಿ ಅಂದ, ಇಳಿಸಿದರು. ಮಣ್ಣು ಎಳೆಯಿರಿ ಅಂದ. ಶಂಕ್ರವ್ವನ ಅಳು ಆಗ ನಿಜವಾಯಿತು. ದ್ಯಾಮಣ್ಣ ಮಾತ್ರ ರೆಪ್ಪೆ ಅಲುಗಿಸಲಿಲ್ಲವಂತೆ. ಮೊದಲ ಹಿಡಿ ಮಣ್ಣು ಊರ ಹಿರಿಯರದ್ದೇ ಆಗಬೇಕು ಎಂದು ಓಣಿ ಮಂದಿ ಕೈ ಮುಗಿದು ನಿಂತರು. ಪದ್ಧತಿ ಪದ್ಧತಿಯೇ. ದೇಸಾಯಿ ಬಗ್ಗಿ ಮಣ್ಣು ಹಾಕಿದ್ದೇ ತಡ, ಶಾಲಿನೊಳಗಿಂದ ಎರಡು ಕೆಂಪು ಕೈ ಎದ್ದು ಅವನ ಗಲ್ಲಕ್ಕೆ, ಮೀಸೆಗೆ ಬಣ್ಣ ಮೆತ್ತಿದವು.

ಊರು ಬಿಡು ಅಂತ ದೇಸಾಯಿ ಅರಚಿದ. ದ್ಯಾಮಣ್ಣ ಗುಂಡಿಯಲ್ಲೇ ಕೂತು ಅಂದನಂತೆ: "ಇಷ್ಟ ಮಂದೀ ಮುಂದ ನೀವ ಮಣ್ಣ ಕೊಟ್ಟೀರಿ, ಧಣ್ಯಾರ. ಸತ್ತಾಂವನ್ನ ಊರ ಬಿಡಸೂದು ಹ್ಯಾಂಗ್ರಿ?"

ದೇಸಾಯಿ ಮೀಸೆಯ ಬಣ್ಣ ಒರೆಸಿಕೊಳ್ಳುತ್ತ ಮನೆ ದಾರಿ ಹಿಡಿದ. ಆಮೇಲೆ ಮೂವತ್ತು ವರ್ಷ ಸತ್ತ ದ್ಯಾಮಣ್ಣ ದೇಸಾಯಿಯ ಮನೆ ಮುಂದೆಯೇ ಸೋಗು ತಿರುಗಿಸಿದನಂತೆ. ಕೊನೆಗೊಮ್ಮೆ ನಿಜವಾಗಿ ಸತ್ತ. ಅವತ್ತು ಊರವರು ಒಬ್ಬೊಬ್ಬರೇ ಬಗ್ಗಿ ಮಣ್ಣು ಕೊಟ್ಟು, ಮುಖ ಒಡ್ಡಿ ನಿಂತರಂತೆ. ಕೈ ಏಳಲಿಲ್ಲ. ಊರು ಅವತ್ತೇ ಅತ್ತಿದ್ದು.

ಈಗಲೂ ನಮ್ಮ ಓಣಿಯಲ್ಲಿ ಯಾರನ್ನು ಮಣ್ಣು ಮಾಡಿದರೂ, ಹಿಡಿ ಮಣ್ಣು ಹಾಕಿ ಒಂದು ಗಳಿಗೆ ಮುಖ ಒಡ್ಡಿ ನಿಲ್ಲುತ್ತೇವೆ. ಹೋಳಿಗೆ ಮೊದಲು ಹೊರಡುವುದು ಹೆಣದ ಸೋಗು. ಎಂಥ ದೊಡ್ಡ ಮನುಷ್ಯನಾದರೂ ಅದರ ಮುಂದೆ ಬಗ್ಗಿ ಬಣ್ಣ ಹಚ್ಚಿಸಿಕೊಳ್ಳಬೇಕು. ಬಗ್ಗದವರ ಬಾಗಿಲು ಬಿಟ್ಟು ಸೋಗು ಕದಲುವುದಿಲ್ಲ. ಅವರು ಹೊರಗೆ ಬರುವವರೆಗೂ ಹಲಗೆ ಬಡಿಯುತ್ತಲೇ ಇರುತ್ತೇವೆ.