ಹರಿಕಾರನ ಹಿಮ್ಮಡಿ

"ಗುರುಗಳೇ, ನೋವನ್ನು ಯಾರಿಗೂ ಹೇಳದೆ ಕೆಲಸ ಮಾಡುವವನು ದೊಡ್ಡವನಲ್ಲವೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಬ್ಬ ಹರಿಕಾರನಿದ್ದನು. ಅಂಚೆಯ ಚೀಲವನ್ನು ಹೊತ್ತು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡುವುದು ಅವನ ವೃತ್ತಿ. ಕಟ್ಟೆಯಲ್ಲಿ ಚೀಲ ಕೈಬದಲಾಗಿ, ಅಲ್ಲಿಂದ ಮುಂದಕ್ಕೆ ಇನ್ನೊಬ್ಬ ಹರಿಕಾರನು ಓಡುತ್ತಿದ್ದನು. ಹನ್ನೆರಡು ವರ್ಷಗಳಲ್ಲಿ ಅವನು ತನ್ನ ಸರದಿಯನ್ನು ಒಮ್ಮೆಯೂ ಬಿಟ್ಟುಕೊಟ್ಟವನಲ್ಲ.

ಒಂದು ವರ್ಷ ನಡುವಿನ ಕಟ್ಟೆಯೊಂದನ್ನು ಮುಚ್ಚಿದರು. ಅವನ ಓಟ ಇಮ್ಮಡಿಯಾಯಿತು. ಕೆಲವೇ ವಾರಗಳಲ್ಲಿ, ಬೆಳಿಗ್ಗೆ ಚಾಪೆಯಿಂದೆದ್ದು ಮೊದಲ ಹೆಜ್ಜೆ ಇಡುವಾಗ ಬಲ ಹಿಮ್ಮಡಿಯ ಮೇಲಿನ ನರ ಬಿಗಿಯತೊಡಗಿತು. ಹತ್ತು ಹೆಜ್ಜೆಗೆ ಸಡಿಲವಾಗುತ್ತಿತ್ತು. ಅವನು ಅದನ್ನು ಗಣಿಸಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ, ಸಡಿಲವಾಗಲು ನೂರಾರು ಹೆಜ್ಜೆ ನಡೆಯಬೇಕಾಯಿತು. ಓಟ ಮುಗಿದ ಮೇಲೆ ಬರುತ್ತಿದ್ದ ನೋವು ಓಟದ ನಡುವೆಯೇ ಬಂದಿತು. ನರದ ಮೇಲೆ ಹುಣಸೆಬೀಜದಷ್ಟು ಗಂಟು ಬೆರಳಿಗೆ ಸಿಕ್ಕಿತು. ಅವನು ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, ಓಡಿದನು.

ಕಟ್ಟೆಯಲ್ಲಿ ಚೀಲವನ್ನು ಗೆದ್ದಲಿಗೆ ಸಿಗದಂತೆ ಎತ್ತರದ ಗೂಟಕ್ಕೆ ತೂಗುಹಾಕುವುದು ಪದ್ಧತಿ. ತುದಿಗಾಲಿನಲ್ಲಿ ನಿಂತರೆ ಮಾತ್ರ ಗೂಟ ಎಟುಕುತ್ತಿತ್ತು. ಅವನು ಎಡಗಾಲಿನ ಮೇಲಷ್ಟೇ ಏಳುವುದನ್ನು ಮುಂದಿನ ಹರಿಕಾರನು ಕಂಡನು.

"ಏನಯ್ಯಾ, ಕೊಕ್ಕರೆಯ ಹತ್ತಿರ ಪಾಠ ಹೇಳಿಸಿಕೊಂಡೆಯಾ? ಒಂಟಿಕಾಲಿನಲ್ಲಿ ನಿಲ್ಲುತ್ತೀಯಲ್ಲ! ಎಲ್ಲಿ, ಆ ಕಾಲು ತೋರಿಸು."

"ನಿನಗೆ ಬೇಕಾದದ್ದು ಚೀಲ. ತೆಗೆದುಕೊಂಡು ಹೊರಡು."

"ಎರಡು ತಿಂಗಳು ಓಟ ಬಿಡು, ಮಾರಾಯ. ನಿನ್ನ ಪಾಲನ್ನೂ ನಾನೇ ಓಡುತ್ತೇನೆ. ಆಮೇಲೆ ನಿನ್ನ ದಾರಿ ನಿನಗೆ."

"ಒಮ್ಮೆ ಬೇರೆಯವನ ಹೆಗಲೇರಿದ ಚೀಲ ಮತ್ತೆ ನನ್ನ ಹತ್ತಿರ ಬರುವುದಿಲ್ಲ" ಎಂದು ಹರಿಕಾರನು ತಿರುಗಿ ನಡೆದನು. ನೆಟ್ಟಗೆ ನಡೆದು ತೋರಿಸಿದನು.

ಮರುವಾರ ಒಂದು ಕಾಲುವೆಯನ್ನು ದಾಟಲು ಬಲಗಾಲನ್ನು ಊರಿ ಹಾರಿದನು. ಒಣಕಟ್ಟಿಗೆ ಮುರಿದಂತೆ ಶಬ್ದವಾಯಿತು. ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದರೆಂದು ತಿಳಿದು, ಬಿದ್ದಲ್ಲಿಂದಲೇ "ಯಾವನೋ ಅವನು?" ಎಂದು ಕೂಗಿದನು. ದಾರಿಯಲ್ಲಿ ಯಾರೂ ಇರಲಿಲ್ಲ. ಏಳಲು ನೋಡಿದನು, ಪಾದ ನೆಲವನ್ನು ಒತ್ತಲೊಲ್ಲದು. ಗಂಟಿನ ಹತ್ತಿರ ಮುಟ್ಟಿದನು. ನರ ಹರಿದು, ಅಲ್ಲಿ ಬೆರಳು ಇಳಿಯುವಷ್ಟು ತಗ್ಗು. ಆ ದಿನದಿಂದ ಚೀಲವನ್ನು ಬೇರೆಯವನು ಹೊತ್ತನು. ವರ್ಷದ ಮೇಲೆ ಹರಿಕಾರನು ನಡೆದಾಡಿದನು. ಓಡಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು. ಶಿಷ್ಯನು, "ಆದರೂ ಗುರುಗಳೇ, ಅಷ್ಟು ದಿನ ಸಹಿಸಿದನಲ್ಲ, ಅವನು ಧೀರನೇ ಅಲ್ಲವೇ?" ಎಂದನು.

ಗುರುಗಳು ಹೇಳಿದರು: "ಮೂರು ದಿನದಿಂದ ಬೆಳಿಗ್ಗೆ ನೀನು ಗೋಡೆ ಹಿಡಿದು ಕುಂಟುತ್ತ ಬಾವಿಯ ಮೆಟ್ಟಿಲು ಇಳಿಯುತ್ತಿದ್ದೀಯೆ. ನಾಳೆ ನೀರನ್ನು ಬೇರೆಯವನು ತರುತ್ತಾನೆ."