ಚೀಟಿಯ ಮೇಲಿನ ಅರವತ್ತು

ರಿಮೋಟ್ ಕಾರೊಂದರಲ್ಲಿ ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಒಂದಿತ್ತು. ಮೈಮೇಲಿನ ಚೀಟಿಯಲ್ಲಿ ‘ಅರವತ್ತು ಆಂಪಿಯರ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರಿಂದ ಅದಕ್ಕೆ ಕೋಡು ಮೂಡಿತ್ತು.

ಹೊಸದಾಗಿ ಬಂದ ದೊಡ್ಡ ಮೋಟಾರು ಕೇಳಿತು: “ಏರು ಹತ್ತುವಾಗ ನನಗೆ ಬಿಡದೆ ನಲವತ್ತು ಬೇಕು. ಕೊಡಬಲ್ಲಿರಾ?”

“ಅರವತ್ತರವನ ಮುಂದೆ ನಲವತ್ತರ ಮಾತೇ?”

“ಅರವತ್ತು ಕ್ಷಣಮಾತ್ರ, ಸತತವಾಗಿ ಇಪ್ಪತ್ತೇ ಎಂದು ಕೆಳಗೆ ಸಣ್ಣಕ್ಷರದಲ್ಲಿದೆಯಲ್ಲ?”

“ಸಣ್ಣಕ್ಷರ ಓದುವುದು ಸಣ್ಣವರ ಕೆಲಸ. ನೀನು ಓಡು,” ಎಂದು ಕಂಟ್ರೋಲರ್ ಮೂಗು ಮುರಿಯಿತು.

ಕಾರು ಏರು ಹತ್ತತೊಡಗಿತು. ಕಂಟ್ರೋಲರಿನ ಮೈ ಕಾದಿತು. ಅದನ್ನೂ ಅದು ಪೌರುಷವೆಂದೇ ಬಗೆಯಿತು. ಅರ್ಧ ಏರಿನಲ್ಲಿ ಸುಟ್ಟು ಕರಕಲಾಯಿತು.

ಕಾರು ಹಿಂದಕ್ಕೆ ಉರುಳಿ ಬುಡಕ್ಕೆ ಬಂದು ನಿಂತಿತು. ಹೊಗೆ ಆರಿದಾಗ ಸಣ್ಣಕ್ಷರವೆಲ್ಲ ಬೆಂದುಹೋಗಿ, ಚೀಟಿಯಲ್ಲಿ ಅರವತ್ತು ಮಾತ್ರ ಹೊಳೆಯುತ್ತಿತ್ತು.