ಕಳಸದ ಚೀಲದ ತಳ

ಬನ್ನಿ ಮಕ್ಕಳಾ, ಬಾಗಿಲು ಮುಂದೆ ಮಾಡಿ ಗೋಡೆಗೆ ಒರಗಿ ಕೂತ್ಕೊಳ್ಳಿ. ಕಾಲು ಅಲ್ಲಾಡಿಸಬೇಡಿ, ನನಗೆ ಕತೆ ತಪ್ಪುತ್ತೆ.

ಹಿರೇಗಡದಲ್ಲಿ ಡಂಗುರ ಸಾರಿದರು. "ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಜಿ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿ, ಕೈಯಾರೆ ಮಾಡಿ ತೋರಿಸಿದವನು ಕೇಳಿದ್ದನ್ನು ದೊರೆಗಳು ಕೊಡುತ್ತಾರೆ. ತಪ್ಪಿದವನು ಸೆರೆಮನೆಗೆ! ಹಬ್ಬ ಕಳೆದ ಮಾರನೇ ದಿನ ಕೋಟೆ ಮೇಲಿಂದ ಕಂದಕಕ್ಕೆ!"

ಯಾಕಪ್ಪ ಇಷ್ಟು ರೋಷ ಅಂದರೆ, ಆ ಅರಮನೆಯಲ್ಲೊಂದು ಪದ್ಧತಿ. ಹಬ್ಬದ ದಿನ ಮನೆಮಗಳು ಬಟ್ಟೆ ಚೀಲವನ್ನು ಹೊಳೆಯಲ್ಲಿ ಅದ್ದಿ ಮಡಿ ಮಾಡಿ, ಒದ್ದೆ ಚೀಲದಲ್ಲೇ ತುಂಬಿದ ಕಳಸ ಇಟ್ಟು, ಹೆಗಲಿಗೆ ಹಾಕಿಕೊಂಡು ಗುಡಿಗೆ ಬರಬೇಕು. ಪ್ರತಿ ಸಲ ಚೀಲದ ತಳ ಜೋತು ಬಿದ್ದು, ಕಳಸ ವಾಲಿ, ನೀರೆಲ್ಲ ಚೆಲ್ಲೋದು. ಜನ ಹುಡುಗಿಯ ನಡಿಗೆಯೇ ಸರಿಯಿಲ್ಲ ಅನ್ನೋರು. ದೊರೆಗೆ ಅವಮಾನ, ಮಗಳಿಗೆ ಹೊಟ್ಟೆಯುರಿ.

ಅದೇ ಊರಲ್ಲಿ ಕೊಟ್ರ ಅಂತ ಒಬ್ಬ ಬಡ ಹುಡುಗ. ಅಣ್ಣ ಬಸವಂತನ ಜೊತೆ ಎತ್ತಿನ ಮೇಲೆ ಹೇರುವ ಚೀಲ ಹೊಲಿಯುತ್ತಿದ್ದ. ಡಂಗುರ ಕೇಳಿದ್ದೇ ತಡ, ಅಣ್ಣ ಎದೆ ಸೆಟೆಸಿ ಹೊರಟ. ಹಿಂದೆ ಕೊಟ್ರನೂ ಹೋದ.

ಹೊನ್ನಾಜಿ ಕೇಳಿದಳು: "ಹೊಳೆಯಲ್ಲಿ ಮುಳುಗಿದರೂ ಮೆತ್ತಗಾಗಲ್ಲ, ಹೊರೆ ಹೊತ್ತರೂ ಬೆನ್ನು ಬಗ್ಗಿಸಲ್ಲ. ಯಾವುದದು? ಕೆಲಸಕ್ಕೆ ಅದೇ ಕೋಲು, ಕೆಲಸ ಮುಗಿದರೆ ಅದೇ ಚಾಪೆ. ಹೇಗೆ? ಇರಲು ಜಾಗ ಕೊಟ್ಟ ಮನೆಯನ್ನೇ ಕಚ್ಚಿ ತೂತು ಮಾಡುತ್ತೆ. ಅದಕ್ಕೇನು ಮದ್ದು?"

"ಗಂಜಿ ಕುಡಿಸಿದ ದಪ್ಪ ಬಟ್ಟೆ!" ಅಂದ ಬಸವಂತ. ಹೇರಿನ ಚೀಲದ ತಳಕ್ಕೆ ಅವರು ಹಾಕುತ್ತಿದ್ದದ್ದೇ ಅದು, ಒಣಗಿದರೆ ಹಲಗೆಯಂಥದ್ದು. ಹೊಳೆಯಲ್ಲಿ ಅದ್ದಿದರು. ಗಂಜಿಯೆಲ್ಲ ಬೆಳ್ಳಗೆ ಕರಗಿ ಮೀನಿನ ಪಾಲಾಯಿತು. ಬಸವಂತ ಸೆರೆಮನೆ ಪಾಲಾದ.

ಪಾಳೇಗಾರನ ಮಗ ಮರದ ಹಲಗೆ ತಂದ. ನೀರಿಗೂ ಜಗ್ಗಲಿಲ್ಲ, ಭಾರಕ್ಕೂ ಜಗ್ಗಲಿಲ್ಲ. "ಹಬ್ಬ ಆದ ಮೇಲೆ ಚೀಲ ಸುತ್ತಿ ಈ ಪುಟ್ಟ ಕರಡಿಗೆಯಲ್ಲಿಡಬೇಕು. ಸುತ್ತು ನೋಡೋಣ," ಅಂದಳು ಹೊನ್ನಾಜಿ. ಹಲಗೆ ಎಲ್ಲಿ ಸುತ್ತುತ್ತೆ? ಅವನೂ ಒಳಗೆ. ವ್ಯಾಪಾರಿಯ ಮಗ ತಾಮ್ರದ ತಗಡು ತಂದ. ಸುತ್ತಿದರೂ ಆಯಿತು, ಬಿಡಿಸಿದರೂ ಆಯಿತು. ಆದರೆ ನಾಲ್ಕು ಹೆಜ್ಜೆಗೆ ತಗಡಿನ ಅಂಚು ಬಟ್ಟೆ ಕೊಯ್ದು, ಕಳಸ ರಾಜಕುಮಾರಿಯ ಹೆಬ್ಬೆರಳ ಮೇಲೇ ಬಿತ್ತು.

"ಎಳೆದುಕೊಂಡು ಹೋಗ್ರೋ ಇವನನ್ನ!" ಅಂತ ಅವಳೇ ಕಿರುಚಿದಳು.

ಇತ್ತ ಕೊಟ್ರನ ಪಾಡು ಕೇಳಬೇಡಿ. ಈಚಲ ಗರಿ ಹೆಣೆದ, ನೆನೆದು ಜೋತುಬಿತ್ತು. ಸೋರೆಬುರುಡೆ ಕೊಯ್ದು ಇಟ್ಟ, ಪಟಕ್ಕನೆ ಒಡೆಯಿತು. ಚರ್ಮ ತಂದರೆ ಗುಡಿಯ ಪೂಜಾರಿ ಹೊಸ್ತಿಲಲ್ಲೇ "ಶಿವ ಶಿವಾ!" ಅಂತ ಹಾರಿದ. ಹಬ್ಬ ಹತ್ತಿರ ಬಂತು. ಸೂಜಿ ಚುಚ್ಚಿ ಚುಚ್ಚಿ ಬೆರಳೆಲ್ಲ ಬಾವು.

"ಏನಾಯ್ತೋ ಮೈದುನ?" ಅಂದಳು ಅತ್ತಿಗೆ ಸಿದ್ದವ್ವ.

"ನನ್ನ ತಲೆ ಆಯ್ತು!"

"ಅದು ಗಟ್ಟಿಯಾಗಿದೆಯಲ್ಲ, ಅದನ್ನೇ ತಳಕ್ಕೆ ಹಾಕು," ಅಂದವಳೇ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕೊಟ್ರನಿಗೆ ಮೈಯೆಲ್ಲ ಉರಿಯಿತು. ಚೀಲದ ತಳಕ್ಕೆಂದು ಬಟ್ಟೆ ಸುತ್ತಿಟ್ಟಿದ್ದ ಅಗಲದ ಬಿದಿರಿನ ಸೀಳೊಂದು ಬೆಳಗಿಂದ ಸಪಾಟಾಗದೆ ಕಾಡುತ್ತಿತ್ತು. "ನೀನು ಹುಟ್ಟಿದ್ದೇ ನನ್ನ ಗೋಳು ಹೊಯ್ಕೊಳ್ಳೋಕೆ!" ಅಂತ ಒನಕೆ ಎತ್ತಿ ಬಡಿದೇ ಬಡಿದ. ಬಿದಿರು ಬಟ್ಟೆಯೊಳಗೇ ಸೀಳುಸೀಳಾಯಿತು. ಬಿಸಾಡೋಣ ಅಂತ ಎತ್ತಿದರೆ, ಉದ್ದಕ್ಕೆ ಹಿಡಿದರೆ ಕೋಲಿನ ಹಾಗೆ ನೆಟ್ಟಗೆ, ಅಡ್ಡಕ್ಕೆ ಹಿಡಿದರೆ ಚಾಪೆಯ ಹಾಗೆ ಸುರುಳಿ! ಕೊಟ್ರ ಅಲ್ಲೇ ಕುಕ್ಕರಿಸಿದ. ಆಮೇಲೆ ಸೀಳುಗಳನ್ನು ಹೆರೆದು, ಒಂದೊಂದಕ್ಕೂ ಬೇರೆ ಬೇರೆ ಸಂದು ಬರುವ ಹಾಗೆ ಚೀಲದ ತಳದ ಬಟ್ಟೆಯೊಳಗೆ ಸಾಲಾಗಿ ಹೊಲಿದ.

ಹಬ್ಬದ ಮುಂಜಾನೆ ಚೀಲ ಹೊಳೆಗಿಳಿಯಿತು. ಬಿದಿರು ಮೆತ್ತಗಾಗಲಿಲ್ಲ. ಸುತ್ತಿದರೆ ಕರಡಿಗೆಯೊಳಗೆ ಕೂತಿತು. ಕಳಸ ಇಟ್ಟು ಹೊನ್ನಾಜಿ ನಡೆದಳು. ಹತ್ತು ಹೆಜ್ಜೆಗೆ ಸೀಳಿನ ತುದಿಯೊಂದು ಬಟ್ಟೆ ಚುಚ್ಚಿ ಇಣುಕಿತು.

"ತಪ್ಪಿತು! ಹಿಡೀರಿ ಇವನನ್ನ," ಅಂದ ದೊರೆ.

"ಅಪ್ಪಾ, ಮೂರನೇ ಉತ್ತರ ಅವನಿನ್ನೂ ಹೇಳಿಲ್ಲ," ಅಂದಳು ಹೊನ್ನಾಜಿ.

ಕೊಟ್ರನಿಗೆ ಉತ್ತರ ಎಲ್ಲಿ ಗೊತ್ತು? ಕಣ್ಣಲ್ಲಿ ನೀರು, ಬಾಯಲ್ಲಿ ಸಿಟ್ಟು. "ಇದೇನು ಬಿದಿರೋ, ಕಣದಲ್ಲಿ ತೆನೆಗೆ ಬಾಯಿ ಹಾಕುವ ಎತ್ತೋ! ಎಲ್ಲಿಟ್ಟರೂ ಕಚ್ಚುತ್ತಲ್ಲ..." ಅಂದವನು ಥಟ್ಟನೆ ಸೂಜಿ ತೆಗೆದ. ಬಾಯಿ ಹಾಕುವ ಎತ್ತಿಗೆ ನಾವೇನು ಮಾಡುತ್ತೇವೆ? ಮೂತಿಗೆ ಕುಕ್ಕೆ ಕಟ್ಟುತ್ತೇವೆ! ತನ್ನ ರುಮಾಲು ಹರಿದು, ಚೂರುಗಳನ್ನು ಮಡಚಿ, ಪ್ರತಿ ಸೀಳಿನ ಎರಡೂ ತುದಿಗೆ ಕುಕ್ಕೆಯ ಹಾಗೆ ತೊಡಿಸಿ ಬಿಗಿದು ಹೊಲಿದ. ತೂತಿಗೆ ತೇಪೆ ಹಾಕಿದ.

ಹೊನ್ನಾಜಿ ಗುಡಿಯವರೆಗೂ ನಡೆದಳು. ಒಂದು ಹನಿ ಚೆಲ್ಲಲಿಲ್ಲ.

"ಏನು ಬೇಕೋ ಕೇಳು," ಅಂದ ದೊರೆ.

"ನಮ್ಮಣ್ಣ ಬೇಕು. ಒಳಗಿರೋ ಉಳಿದವರನ್ನೂ ಬಿಡಿ ಬುದ್ಧೀ, ನನ್ನಷ್ಟೇ ದಡ್ಡರು ಪಾಪ."

ಎಲ್ಲರನ್ನೂ ಬಿಟ್ಟರು. ಪಾಳೇಗಾರನ ಮಗ ಊರಿಗೆ ಹೋಗಿ ಬೇರೆ ಕಡೆ ಹೆಣ್ಣು ನೋಡಿದ. ವ್ಯಾಪಾರಿಯ ಮಗ ರಾಜಕುಮಾರಿಯ ಕಣ್ಣಿಗೆ ಮತ್ತೆ ಬೀಳಲೇ ಇಲ್ಲ. ದೊರೆ ಡಂಗುರದವನಿಗೆ ಬೇರೆ ಕೆಲಸ ಕೊಟ್ಟ. ಹೊನ್ನಾಜಿ ಹೊಲಿಗೆ ಕಲಿಯುವ ನೆಪದಲ್ಲಿ ಬಂದು ಬಂದು, ಕಡೆಗೆ ಕೊಟ್ರನನ್ನೇ ಮದುವೆಯಾದಳು. ಸಿದ್ದವ್ವನಿಗೆ ವರ್ಷದೊಳಗೆ ಹೆಣ್ಣುಮಗು ಆಯಿತು. ಬಸವಂತನೋ, ಸೆರೆಯಿಂದ ಮನೆಗೆ ಬಂದ ದಿನವೇ ಎರಡು ತಟ್ಟೆ ಉಂಡು, ಮತ್ತೆ ಗಟ್ಟಿಯಾಗಿ ಹೊಲಿಯಲು ಅರಮನೆಯಿಂದ ತಂದಿದ್ದ ಆ ಚೀಲ ತಿರುಗಿಸಿ ನೋಡಿ, "ಹೊಲಿಗೆ ಸೊಟ್ಟ ಬಂದಿದೆಯಲ್ಲೋ" ಅಂದ. ಕೊಟ್ರನಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಆದರೆ ಜಗಳ ಆಡಲಿಕ್ಕಾದರೂ ಅಣ್ಣ ಎದುರಿಗೆ ಕೂತಿದ್ದಾನಲ್ಲ ಅಂತ ಅವನಿಗೆ ಇನ್ನೊಂದು ಸೌಟು ಬಡಿಸಿದ.